ಗಾಳಿಯಲ್ಲಿ ಬೆಳಕಿನ ದಾರಿ

(ಬಿಬವೇವಾಡಿಯಲ್ಲಿ ಸಂಘದ ಸದಸ್ಯರೆದುರು ನೀಡಿದ ಉಪನ್ಯಾಸದ ಬರಹ ರೂಪ)



ಈ ವೇದಿಕೆಯಿಂದ ತಾವು ಸಾಹಿತ್ಯವನ್ನು ಕುರಿತು, ವಚನಗಳನ್ನು ಕುರಿತು, ಗಡಿಭಾಗದ ಶಾಲೆಗಳನ್ನು ಕುರಿತು ಅನೇಕ ವಿದ್ವತ್ಪೂರ್ಣ ಭಾಷಣಗಳನ್ನು ಕೇಳಿದ್ದೀರಿ. ಅಂಥ ಸ್ಥಳದಲ್ಲಿ ಕೇಂದ್ರ ಸರಕಾರದ ಒಬ್ಬ ನೌಕರ ಎದ್ದು ನಿಂತು, ತಂತಿಯಿಲ್ಲದೆ ಬೆಳಕಿನ ಮೂಲಕ ಸಂದೇಶ ಕಳುಹಿಸುವ ವಿಷಯವನ್ನು ಎತ್ತಿಕೊಳ್ಳುವುದು ಅಧಿಕಪ್ರಸಂಗವೆನಿಸಬಹುದು. ಕಾರ್ಯದರ್ಶಿಗಳು ನನ್ನನ್ನು ಕೇಳಿದಾಗ ನಾನೂ ಹಿಂಜರಿದೆ. ಆದರೆ ಅವರು, "ನೀವು ದಿನವೂ ಮಾಡುವ ಕೆಲಸವನ್ನು ಕನ್ನಡದಲ್ಲಿ ಹೇಳಲು ಬರುವುದಿಲ್ಲವೆಂದರೆ ಅದು ಕನ್ನಡದ ಕೊರತೆಯೋ ನಿಮ್ಮದೋ?" ಎಂದು ಕೇಳಿದರು. ಈ ಮಾತಿಗೆ ಉತ್ತರವಿರಲಿಲ್ಲ. ಆದುದರಿಂದ ಒಪ್ಪಿಕೊಂಡೆ.

ಇನ್ನೊಂದು ಕಾರಣವೂ ಉಂಟು. ಈ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ. ಕಡತದಲ್ಲಿ ಆ ತಪ್ಪಿಗೆ ನನ್ನ ಸಹಿಯಿದೆ. ಅದರಿಂದ ತೊಂದರೆಗೊಳಗಾದವರಲ್ಲಿ ನಮ್ಮ ಕಡೆಯವರೇ ಆದ ಒಬ್ಬ ವೃದ್ಧರೂ ಇದ್ದರು. ಅಲ್ಲಿಂದಲೇ ಆರಂಭಿಸುತ್ತೇನೆ.

2017ರ ಆರಂಭದಲ್ಲಿ, ಇದೇ ಬಿಬವೇವಾಡಿಯ ಒಂದು ಸಾರ್ವಜನಿಕ ಸೇವಾ ಕಚೇರಿಯನ್ನು ಮಾರ್ಕೆಟ್ ಯಾರ್ಡ್ ಕಡೆಗಿರುವ ಅದರ ಮುಖ್ಯ ಕಚೇರಿಗೆ ಜೋಡಿಸಬೇಕಾಗಿತ್ತು. ಎರಡರ ನಡುವಿನ ಅಂತರ ಸುಮಾರು ಒಂದು ಕಿಲೋಮೀಟರ್. ನೆಲದಲ್ಲಿ ಗಾಜಿನೆಳೆಯ ಕೇಬಲ್ ಹೂಳಲು ರಸ್ತೆ ಅಗೆಯುವ ಅನುಮತಿ ಬೇಕು. ಅನುಮತಿಗೆ ತಿಂಗಳುಗಳು ಬೇಕು, ಅಗೆದ ರಸ್ತೆಯನ್ನು ಮುಚ್ಚಲು ಹಣ ಬೇಕು. ಆಗ ಒಂದು ಉಪಾಯ ಸೂಚಿಸಲಾಯಿತು. ಎರಡೂ ಕಟ್ಟಡಗಳ ತಾರಸಿಯ ಮೇಲೆ ಒಂದೊಂದು ಪೆಟ್ಟಿಗೆ ಇಟ್ಟು, ಕಣ್ಣಿಗೆ ಕಾಣದ ಲೇಸರ್ ಕಿರಣದಿಂದ ಅವುಗಳನ್ನು ಜೋಡಿಸುವುದು. ಕೇಬಲ್ ಬೇಡ, ಅಗೆತ ಬೇಡ. ಅಂತರರಾಷ್ಟ್ರೀಯ ನಿಯಮದಂತೆ ರೇಡಿಯೋ ಅಲೆಗಳೆಂದರೆ 3000 ಗಿಗಾಹರ್ಟ್ಸ್‌ವರೆಗಿನವು ಮಾತ್ರ. ಬೆಳಕು ಅದಕ್ಕಿಂತ ಬಹಳ ಮೇಲಿನದು, ಆದುದರಿಂದ ತರಂಗಗಳ ಹರಾಜಿನ ಗೋಜೂ ಇಲ್ಲ. ಒಂದೇ ವಾರದಲ್ಲಿ ಕೆಲಸ ಮುಗಿಯಿತು. ಸೆಕೆಂಡಿಗೆ ನೂರು ಕೋಟಿ ಅಂಕೆಗಳು ಆ ಕಿರಣದಲ್ಲಿ ಸಲೀಸಾಗಿ ಹರಿದವು. ಎಲ್ಲರೂ ಸಂತೋಷಪಟ್ಟರು.

ನನ್ನ ಕಿರಿಯ ಸಹೋದ್ಯೋಗಿಯೊಬ್ಬರು ಕಡತದಲ್ಲಿ ಒಂದು ಟಿಪ್ಪಣಿ ಬರೆದಿದ್ದರು: ಇದರ ಜೊತೆಗೆ ನಿಧಾನದ್ದಾದರೂ ಸರಿ, ಒಂದು ರೇಡಿಯೋ ಸಂಪರ್ಕವೂ ಇರಲಿ, ಎಂದು. ಮಾರಾಟಗಾರರ ಹೊತ್ತಗೆಯಲ್ಲಿ ನೂರಕ್ಕೆ 99.9ರಷ್ಟು ಲಭ್ಯತೆ ಎಂದು ಅಚ್ಚಾಗಿತ್ತು. ಅದನ್ನು ಉಲ್ಲೇಖಿಸಿ, ಎರಡನೆಯ ಸಂಪರ್ಕ "ಅನಾವಶ್ಯಕ ವೆಚ್ಚ" ಎಂದು ನಾನು ಬರೆದು ಸಹಿ ಮಾಡಿದೆ.

ಅದೇ ವರ್ಷದ ನವೆಂಬರ್ ತಿಂಗಳು. ನಿವೃತ್ತರು ತಾವು ಜೀವಂತವಿರುವುದಾಗಿ ಪ್ರಮಾಣ ನೀಡುವ ತಿಂಗಳದು ಎಂಬುದು ಇಲ್ಲಿರುವ ಅನೇಕರಿಗೆ ಗೊತ್ತು. 2014ರಿಂದ ಬೆರಳಚ್ಚಿನ ಮೂಲಕ, ಗಣಕಯಂತ್ರದಲ್ಲಿಯೇ ಆ ಪ್ರಮಾಣ ಸಲ್ಲಿಸುವ ವ್ಯವಸ್ಥೆ ಬಂದಿತ್ತು. ಒಂದು ಬೆಳಿಗ್ಗೆ ದಟ್ಟವಾದ ಮಂಜು ಕವಿಯಿತು. ನಮ್ಮ ಮರಾಠಿ ನೆರೆಯವರು ಧುಕೆ ಎನ್ನುತ್ತಾರಲ್ಲ, ಅದು. ನಮ್ಮ ತಾರಸಿಯಿಂದ ನಿತ್ಯ ಕಾಣುವ ಪರ್ವತಿ ಗುಡ್ಡದ ಗುಡಿ ಅಂದು ಕಾಣಲಿಲ್ಲ. ಎದುರಿನ ಎರಡು ಓಣಿಗಳಾಚೆ ಏನೂ ಕಾಣಲಿಲ್ಲ. ಬೆಳಕಿನ ಸಂಪರ್ಕ ಕಡಿದುಹೋಯಿತು. ಬೆಳಿಗ್ಗೆ ಬೇಗನೆ ಬಂದು ಸಾಲಿನಲ್ಲಿ ನಿಂತಿದ್ದ ವೃದ್ಧರು, ವಿಧವೆಯರು ಎರಡು ಗಂಟೆಗೂ ಮೀರಿ ಕಾದರು. ಅವರಲ್ಲಿ ಎಂಬತ್ತು ದಾಟಿದ, ವಿಜಾಪುರದ ಕಡೆಯ ಒಬ್ಬ ಹಿರಿಯರು ಮಗಳ ಜೊತೆ ಆಟೋದಲ್ಲಿ ಬಂದಿದ್ದರು. ನಾನು ಕನ್ನಡದವನೆಂದು ಗೊತ್ತಾದ ಕೂಡಲೇ ಹತ್ತಿರ ಕರೆದರು. "ಅಜ್ಜಾರ, ಇನ್ನೂ ಸ್ವಲ್ಪ ಹೊತ್ತು ಕೂಡ್ರಿ, ಮಂಜಿಗೆ ಬೆಳಕಿನ ಸಂಪರ್ಕ ಬಂದ್ ಆಗೇತಿ" ಎಂದೆ. ಅವರು ನಕ್ಕು, "ಅಲ್ರೀ ಸಾಹೇಬ್ರ, ನಾ ಇಲ್ಲೇ ನಿಮ್ಮ ಮುಂದ ನಿಂತೀನಿ. ನಿಮ್ಮ ಬೆಳಕಿಗೆ ಇಷ್ಟು ದೊಡ್ಡ ಮನಶ್ಯಾ ಕಾಣಸೂದಿಲ್ಲೇನ್ರಿ?" ಎಂದರು.

ಹಾಸ್ಯಕ್ಕೆ ಆಡಿದ ಮಾತದು. ಆದರೆ ಅವರ ಕಾಲುಗಳು ನಡುಗುತ್ತಿದ್ದವು. ಆ ದಿನ ಸಂಜೆ ನಾನು ನನ್ನ ಟಿಪ್ಪಣಿಯನ್ನು ಮತ್ತೆ ತೆರೆದು ಓದಿದೆ. 99.9 ಎಂಬ ಅಂಕೆ ನೋಡಲು ಸುಂದರವಾಗಿದೆ. ವರ್ಷಕ್ಕೆ 8760 ಗಂಟೆಗಳು. ಅವುಗಳಲ್ಲಿ ಸಾವಿರಕ್ಕೆ ಒಂದು ಪಾಲು ಕೆಟ್ಟರೆ ಸುಮಾರು 8 ಗಂಟೆ 46 ನಿಮಿಷ. ಅಷ್ಟೇ ತಾನೇ ಎಂದುಕೊಂಡಿದ್ದೆ. ಆದರೆ ಆ ಎಂಟೂ ಮುಕ್ಕಾಲು ಗಂಟೆ ವರ್ಷದುದ್ದಕ್ಕೂ ಚೂರುಚೂರಾಗಿ, ಯಾರಿಗೂ ನೋವಾಗದಂತೆ ಹಂಚಿ ಬರುವುದಿಲ್ಲ. ಅದು ನವೆಂಬರಿನ ಮೂರು ಬೆಳಗುಗಳಲ್ಲಿ ಒಟ್ಟಾಗಿ ಬರುತ್ತದೆ. ಆ ಬೆಳಗುಗಳಲ್ಲಿ ಯಾರು ಸಾಲಿನಲ್ಲಿ ನಿಂತಿರುತ್ತಾರೆ ಎಂಬುದನ್ನು ಅಂಕೆ ಹೇಳುವುದಿಲ್ಲ.

ಇನ್ನು ವಿಜ್ಞಾನದ ಮಾತಿಗೆ ಬರುತ್ತೇನೆ. ಬೆಳಕಿನಿಂದ ಸಂದೇಶ ಕಳುಹಿಸುವ ವಿದ್ಯೆ ಹೊಸದಲ್ಲ. 1869ರಲ್ಲಿ ಹೆನ್ರಿ ಮ್ಯಾನ್ಸ್ ಎಂಬ ತಂತಿ ಇಲಾಖೆಯ ಅಧಿಕಾರಿ ಕನ್ನಡಿಯಿಂದ ಸೂರ್ಯನ ಬೆಳಕನ್ನು ಮಿಂಚಿಸಿ ಸಂಕೇತ ಕಳುಹಿಸುವ ಹೀಲಿಯೋಗ್ರಾಫ್ ಉಪಕರಣವನ್ನು ರೂಪಿಸಿದ. ಟೆಲಿಫೋನಿನಿಂದ ಪ್ರಸಿದ್ಧನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ 1880ರಲ್ಲಿ, ಸಹಾಯಕ ಟೈಂಟರನೊಡನೆ, ವಾಷಿಂಗ್ಟನ್ ನಗರದಲ್ಲಿ ಸೂರ್ಯಕಿರಣದ ಮೇಲೆ ಮನುಷ್ಯನ ಮಾತನ್ನೇ ಸುಮಾರು 213 ಮೀಟರ್ ದೂರ ಕಳುಹಿಸಿದ. ಮಾತಿನ ಕಂಪನಕ್ಕೆ ತೆಳುವಾದ ಕನ್ನಡಿ ಅದುರುತ್ತಿತ್ತು, ಆ ಕಡೆ ಸೆಲೆನಿಯಂ ಧಾತು ಬೆಳಕಿನ ಏರಿಳಿತವನ್ನು ಮತ್ತೆ ಧ್ವನಿಯಾಗಿಸುತ್ತಿತ್ತು. ತನ್ನ ಎಲ್ಲ ಆವಿಷ್ಕಾರಗಳಲ್ಲಿ ಇದೇ ದೊಡ್ಡದೆಂದು ಬೆಲ್ ಭಾವಿಸಿದ್ದ. ಆದರೆ ಮೋಡ ಬಂದರೆ ಮಾತು ನಿಲ್ಲುತ್ತಿತ್ತು. ಬೆಳಕಿಗೆ ಗಾಳಿಯ ಹಂಗಿರುವವರೆಗೆ ವಿದ್ಯೆ ವ್ಯಾಪಾರಕ್ಕೆ ಇಳಿಯಲಿಲ್ಲ. ಮುಂದೆ ಬೆಳಕನ್ನು ಗಾಜಿನೆಳೆಯೊಳಗೆ ಹೊಗಿಸಿದ ಮೇಲೆ ಅದು ಲೋಕವನ್ನೇ ಜೋಡಿಸಿತು. ಒಳ್ಳೆಯ ಗಾಜಿನೆಳೆಯಲ್ಲಿ ಒಂದು ಕಿಲೋಮೀಟರ್ ಸಾಗಿದ ಬೆಳಕು ನೂರಕ್ಕೆ 95ರಷ್ಟು ಉಳಿದಿರುತ್ತದೆ, ಬೇಸಗೆಯಲ್ಲಾಗಲಿ ಮಳೆಗಾಲದಲ್ಲಾಗಲಿ. ಬಯಲಿನಲ್ಲಿ ಸಾಗುವ ಬೆಳಕಿಗೆ ಆ ಭದ್ರತೆಯಿಲ್ಲ. ಅದರ ಶತ್ರುಗಳು ಮುಖ್ಯವಾಗಿ ಮೂರು: ಮಂಜು, ಬಿಸಿಗಾಳಿಯ ನಡುಕ, ಮತ್ತು ಗುರಿ ತಪ್ಪುವಿಕೆ.

ಮೊದಲು ಮಂಜು. ಹವಾಮಾನ ಶಾಸ್ತ್ರದ ಹಳೆಯ ವ್ಯಾಖ್ಯೆಯೊಂದಿದೆ: ಎಷ್ಟು ದೂರ ಸಾಗಿದಾಗ ಬೆಳಕು ನೂರಕ್ಕೆ ಎರಡು ಪಾಲಿಗೆ ಇಳಿಯುತ್ತದೆಯೋ ಅಷ್ಟು ದೂರ ನಮ್ಮ ಕಣ್ಣಿಗೆ ಕಾಣುತ್ತದೆ. ಇದನ್ನೇ ಗೋಚರತೆ ಎನ್ನುತ್ತಾರೆ. ಗೋಚರತೆ ಒಂದು ಕಿಲೋಮೀಟರ್ ಇದ್ದ ದಿನ ನಮ್ಮ ಕಿರಣ ಆ ಕಡೆ ಐವತ್ತನೆಯ ಒಂದು ಪಾಲಾಗಿ ತಲುಪುತ್ತದೆ. ಉಪಕರಣ ಇದನ್ನು ತಾಳಿಕೊಳ್ಳುತ್ತದೆ. ಆದರೆ ಆ ನವೆಂಬರಿನ ಬೆಳಿಗ್ಗೆಯಂತೆ ಗೋಚರತೆ 250 ಮೀಟರಿಗೆ ಇಳಿದರೆ? ಪ್ರತಿ 250 ಮೀಟರಿಗೂ ಉಳಿದದ್ದರಲ್ಲಿ ಐವತ್ತನೆಯ ಒಂದು ಪಾಲು ಮಾತ್ರ ಮುಂದೆ ಹೋಗುತ್ತದೆ. ಹೀಗೆ ನಾಲ್ಕು ಸಲ. ಒಂದನ್ನು ಐವತ್ತರಿಂದ ನಾಲ್ಕು ಸಲ ಭಾಗಿಸಿದಂತೆ, ಕೊನೆಗೆ ಉಳಿಯುವುದು ಕೋಟಿಯಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಗೋಚರತೆ 200 ಮೀಟರಾದರೆ ನೂರು ಕೋಟಿಯಲ್ಲಿ ಮೂರು ಪಾಲು. ದೀಪದ ಶಕ್ತಿಯನ್ನು ಹತ್ತು ಪಟ್ಟು, ನೂರು ಪಟ್ಟು ಹೆಚ್ಚಿಸಿದರೂ ಈ ಲೆಕ್ಕದ ಮುಂದೆ ಅದು ಏನೇನೂ ಅಲ್ಲ.

ನಾನು ಕೂಡ ಮೊದಲು ಶಕ್ತಿ ಹೆಚ್ಚಿಸುವ ಮಾತನ್ನೇ ಆಡಿದ್ದೆ. ಸರಕಾರಿ ಮನಸ್ಸು ಹಾಗೆಯೇ; ಕೇಳಿಸದಿದ್ದರೆ ಗಟ್ಟಿಯಾಗಿ ಕೂಗು ಎನ್ನುತ್ತದೆ. ಶಕ್ತಿಗೆ ಮಿತಿಯೂ ಇದೆ, ಏಕೆಂದರೆ ತಾರಸಿಗೆ ಬಟ್ಟೆ ಒಣಹಾಕಲು ಬಂದವರ ಕಣ್ಣಿಗೆ ಅಪಾಯವಾಗಬಾರದು. 1550 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಕಣ್ಣಿನ ಮುಂಭಾಗದಲ್ಲಿಯೇ ಹೀರಲ್ಪಟ್ಟು ಒಳಪರದೆಯನ್ನು ಮುಟ್ಟದಿರುವುದರಿಂದ, ಅಲ್ಲಿ ಹೆಚ್ಚು ಶಕ್ತಿ ಬಳಸಲು ಅನುಮತಿಯಿದೆ. ಅಷ್ಟಾದರೂ ದಟ್ಟ ಮಂಜನ್ನು ಗೆಲ್ಲಲಾಗದು. ಗೆಲ್ಲುವ ಉಪಾಯ ಬೇರೆ. ದಾರಿಯನ್ನು ತುಂಡು ಮಾಡುವುದು ಒಂದು. ಅದೇ 250 ಮೀಟರಿನ ಮಂಜಿನಲ್ಲಿ, ಒಂದು ಕಿಲೋಮೀಟರಿನ ಬದಲು 250 ಮೀಟರಿನ ನಾಲ್ಕು ಹಂತಗಳನ್ನು ಮಾಡಿ, ಪ್ರತಿ ಹಂತದಲ್ಲಿಯೂ ಸಂದೇಶವನ್ನು ಹೊಸದಾಗಿ ಬೆಳಗಿಸಿ ಕಳುಹಿಸಿದರೆ, ಪ್ರತಿ ಹಂತಕ್ಕೂ ನೂರಕ್ಕೆ ಎರಡು ಪಾಲು ತಲುಪುತ್ತದೆ; ಸಂಪರ್ಕ ಉಳಿಯುತ್ತದೆ. ಮಂಜು ಅದೇ, ದೀಪ ಅದೇ.

ಎರಡನೆಯದು ಬಿಸಿಗಾಳಿಯ ನಡುಕ. ತಾಯಂದಿರು ರೊಟ್ಟಿಯ ಹಂಚಿನಾಚೆ ನೋಡಿದಾಗ ಗೋಡೆ ಅಲುಗಿದಂತೆ ಕಾಣುವುದನ್ನು ಬಲ್ಲರು. ಬಿಸಿ ಗಾಳಿ ಮತ್ತು ತಂಪು ಗಾಳಿಯ ಚಿಕ್ಕ ಚಿಕ್ಕ ಉಂಡೆಗಳು ಬೆಳಕನ್ನು ಬೇರೆಬೇರೆಯಾಗಿ ಬಾಗಿಸುತ್ತವೆ. ನಕ್ಷತ್ರ ಮಿನುಗುವುದೂ ಇದರಿಂದಲೇ. ನಮ್ಮ ಕಿರಣ ತಗಡಿನ ಛಾವಣಿಗಳ ಮೇಲಿನಿಂದ ಹಾಯ್ದು ಹೋಗುತ್ತಿತ್ತು. ಏಪ್ರಿಲ್ ತಿಂಗಳಿನ ಮಧ್ಯಾಹ್ನ, ಆಕಾಶ ನಿಚ್ಚಳವಾಗಿದ್ದರೂ, ಪರ್ವತಿ ಸ್ಪಷ್ಟವಾಗಿ ಕಾಣುತ್ತಿದ್ದರೂ, ಸಂದೇಶದಲ್ಲಿ ತಪ್ಪುಗಳು ಏರುತ್ತಿದ್ದವು. ಮೊದಲು ಕಾರಣ ಹೊಳೆಯಲಿಲ್ಲ. ಕಂಬವನ್ನು ಕೆಲವು ಮೀಟರ್ ಎತ್ತರಿಸಿ ಕಿರಣವನ್ನು ಕಾದ ತಗಡಿನಿಂದ ದೂರ ಒಯ್ದ ಮೇಲೆ ತಪ್ಪುಗಳು ಇಳಿದವು.

ಈ ನಡುಕವನ್ನು ನಮ್ಮ ನೆಲದಲ್ಲಿಯೇ ಬಹಳ ಹಿಂದೆ ಕಂಡವರಿದ್ದಾರೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದ. ಎರಡು ವರ್ಷಗಳ ಅನಂತರ ಮದರಾಸಿನಲ್ಲಿ ತೊಡಗಿದ ಅವನ ಮೋಜಣಿಯೇ ಮುಂದೆ ಭಾರತದ ಮಹಾ ತ್ರಿಕೋನಮಿತಿ ಮೋಜಣಿಯಾಯಿತು. ಅವನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ ಹಗಲಿನಲ್ಲಿ ಕನ್ನಡಿಯ ಬೆಳಕನ್ನೂ ರಾತ್ರಿಯಲ್ಲಿ ದೀಪಗಳನ್ನೂ ದೂರದ ಗುರುತುಗಳಾಗಿ ಬಳಸಿದ. ಬಿಸಿಲು ಹೊತ್ತಿನ ಅಲುಗಾಟದಲ್ಲಿ ಮಸುಕಾಗುವ ಗುರುತು ರಾತ್ರಿಯ ಗಾಳಿಯಲ್ಲಿ ನಿಲ್ಲುತ್ತದೆಂಬುದು ಮೋಜಣಿದಾರರ ಅನುಭವವಾಗಿತ್ತು. ಅವರಿಗೆ ರಾತ್ರಿಗಾಗಿ ಕಾಯುವ ಅವಕಾಶವಿತ್ತು. ನಮ್ಮ ಕಚೇರಿ ತೆರೆಯುವುದು ಹಗಲಿನಲ್ಲಿ.

ಆದುದರಿಂದ ಎಂಜಿನಿಯರುಗಳು ಬೇರೆ ಉಪಾಯಗಳನ್ನು ಕಂಡುಕೊಂಡರು. ಬೆಳಕನ್ನು ಹಿಡಿಯುವ ಮಸೂರ ದೊಡ್ಡದಾಗಿದ್ದರೆ ಒಂದೆಡೆ ಕಪ್ಪು ಬಿದ್ದಾಗ ಇನ್ನೊಂದೆಡೆ ಬೆಳಕು ಬಿದ್ದಿರುತ್ತದೆ; ಒಟ್ಟು ಮೊತ್ತ ಹೆಚ್ಚು ಏರಿಳಿಯುವುದಿಲ್ಲ. ಒಂದು ದೀಪದ ಬದಲು, ಸ್ವಲ್ಪ ಅಂತರದಲ್ಲಿ ನಾಲ್ಕು ದೀಪಗಳಿಂದ ಅದೇ ಸಂದೇಶ ಕಳುಹಿಸಿದರೆ ನಾಲ್ಕೂ ಒಂದೇ ಕ್ಷಣದಲ್ಲಿ ಮಂಕಾಗುವುದು ಅಪರೂಪ. ಒಂದು ಹದ್ದು ಅಡ್ಡ ಹಾರಿದರೂ ನಾಲ್ಕನ್ನೂ ಮುಚ್ಚಲಾರದು. ಖಗೋಳ ವಿಜ್ಞಾನಿಗಳಂತೆ, ಕ್ಷಣಕ್ಷಣಕ್ಕೂ ಆಕಾರ ಬದಲಿಸುವ ಕನ್ನಡಿಯಿಂದ ಗಾಳಿ ಮಾಡಿದ ವಕ್ರತೆಯನ್ನು ತಿದ್ದುವುದೂ ಸಾಧ್ಯ, ಆದರೆ ಅದು ದುಬಾರಿ.

ಇನ್ನೊಂದು ಉಪಾಯ ಬರಹದವರಿಗೆ ಬೇಗ ತಿಳಿಯುವಂಥದು. ಗಾಳಿಯ ನಡುಕದಿಂದ ಬೆಳಕು ಮಂಕಾಗುವುದು ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟು ಕಾಲ. ಆದರೆ ಸೆಕೆಂಡಿಗೆ ನೂರು ಕೋಟಿ ಅಂಕೆಗಳು ಹರಿಯುವಾಗ, ಸಾವಿರದ ಒಂದು ಭಾಗದಲ್ಲಿಯೂ ಹತ್ತು ಲಕ್ಷ ಅಂಕೆಗಳು ಅಳಿಸಿಹೋಗುತ್ತವೆ. ಒಂದು ಪುಟದಲ್ಲಿ ಇಡೀ ಸಾಲು ಅಳಿಸಿದರೆ ಓದುಗನಿಗೆ ಅರ್ಥ ಕಟ್ಟಲಾಗದು. ಪ್ರತಿ ಸಾಲಿನಲ್ಲಿ ಒಂದೊಂದು ಅಕ್ಷರ ಅಳಿಸಿದರೆ ಊಹಿಸಿ ಓದಬಹುದು. ಆದುದರಿಂದ ಅಂಕೆಗಳನ್ನು ಬರೆದ ಕ್ರಮದಲ್ಲಿ ಕಳುಹಿಸದೆ, ಪುಟದ ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಓದಿದಂತೆ ಕಲಸಿ ಕಳುಹಿಸುತ್ತಾರೆ. ಜೊತೆಗೆ ಲೆಕ್ಕಪತ್ರದ ಕೊನೆಯಲ್ಲಿ ಮೊತ್ತ ಬರೆಯುವಂತೆ ತಾಳೆ ನೋಡುವ ಕೆಲವು ಹೆಚ್ಚಿನ ಅಂಕೆಗಳನ್ನು ಸೇರಿಸುತ್ತಾರೆ. ಆ ಕಡೆ ಮತ್ತೆ ಕ್ರಮಕ್ಕೆ ತಂದಾಗ ದೊಡ್ಡ ಗಾಯ ಸಣ್ಣ ಸಣ್ಣ ಗೀರುಗಳಾಗಿ ಹಂಚಿಹೋಗಿರುತ್ತದೆ, ಹೆಚ್ಚಿನ ಅಂಕೆಗಳಿಂದ ಆ ಗೀರುಗಳನ್ನು ತುಂಬಬಹುದು.

ಮೂರನೆಯದು ಗುರಿ ತಪ್ಪುವಿಕೆ. ಕಟ್ಟಡಗಳು ಅಲುಗಾಡುವುದಿಲ್ಲವೆಂದು ನಾವು ತಿಳಿದಿದ್ದೇವೆ. ಆದರೆ ಬೆಳಗಿನ ಬಿಸಿಲಿಗೆ ಒಂದು ಬದಿಯ ಗೋಡೆ ಹಿಗ್ಗಿದಾಗ, ಜೋರು ಗಾಳಿ ಬೀಸಿದಾಗ, ತಾರಸಿಯ ಮೇಲಿನ ಕಂಬ ತುಸು ವಾಲುತ್ತದೆ. ದಿಕ್ಕಿನಲ್ಲಿ ಸಾವಿರಕ್ಕೆ ಒಂದು ಪಾಲು ವ್ಯತ್ಯಾಸವಾದರೆ ಒಂದು ಕಿಲೋಮೀಟರ್ ದೂರದಲ್ಲಿ ಕಿರಣ ಒಂದು ಮೀಟರ್ ಸರಿಯುತ್ತದೆ. ಕಿರಣವನ್ನು ಅಗಲಗೊಳಿಸಿದರೆ ಗುರಿ ತಪ್ಪದು, ಆದರೆ ಬೆಳಕು ಹರಡಿ ತೆಳುವಾಗಿ ಮಂಜಿಗೆ ಬೇಗ ಸೋಲುತ್ತದೆ. ಸಣ್ಣದಾಗಿಸಿದರೆ ಬೆಳಕು ಸಾಲುತ್ತದೆ, ಗುರಿ ತಪ್ಪುತ್ತದೆ. ಆದುದರಿಂದ ಇಂದಿನ ಒಳ್ಳೆಯ ಉಪಕರಣಗಳಲ್ಲಿ ಕಿರಣ ಎಲ್ಲಿ ಬಿದ್ದಿದೆಯೆಂದು ನೋಡಿ ಸೆಕೆಂಡಿಗೆ ನೂರಾರು ಸಲ ತನ್ನನ್ನು ತಿದ್ದಿಕೊಳ್ಳುವ ಸಣ್ಣ ಕನ್ನಡಿಯಿರುತ್ತದೆ.

ಈ ಉಪಾಯಗಳೆಲ್ಲ ಕೂಡಿದಾಗ ಎಷ್ಟು ಸಾಧಿಸಬಹುದೆಂಬುದಕ್ಕೆ ಒಂದು ಉದಾಹರಣೆ. ಆಫ್ರಿಕಾದ ಕಾಂಗೋ ನದಿಯ ಎರಡು ದಡಗಳಲ್ಲಿ ಬ್ರಾಜವಿಲ್ ಮತ್ತು ಕಿನ್ಶಾಸಾ ಎಂಬ ಎರಡು ರಾಜಧಾನಿಗಳು ಎದುರುಬದುರಾಗಿವೆ. ಅವುಗಳನ್ನು ಗಾಜಿನೆಳೆಯಿಂದ ಜೋಡಿಸಲು ನದಿಯನ್ನು ಸುತ್ತಿ 400 ಕಿಲೋಮೀಟರಿಗೂ ಹೆಚ್ಚು ಹೋಗಬೇಕಿತ್ತು. 2021ರಲ್ಲಿ ತಾರಾ ಎಂಬ ಯೋಜನೆಯವರು 4.8 ಕಿಲೋಮೀಟರ್ ಅಗಲಕ್ಕೆ ಬೆಳಕಿನ ಸೇತುವೆ ಕಟ್ಟಿ, 20 ದಿನಗಳಲ್ಲಿ ಸುಮಾರು 700 ಟೆರಾಬೈಟ್ ಮಾಹಿತಿ ದಾಟಿಸಿದರು; ಲಭ್ಯತೆ 99.9 ಎಂದು ತಿಳಿಸಿದರು. ಮೆಚ್ಚತಕ್ಕ ಕೆಲಸ. ಆದರೆ ಅದು ಆ ನದಿಯ, ಆ 20 ದಿನಗಳ ಅಂಕೆ. ಬಿಬವೇವಾಡಿಯ ನವೆಂಬರಿಗೆ ಅದನ್ನು ತಂದು ಅಂಟಿಸಲಾಗದು. ನಾನು ಮಾಡಿದ ತಪ್ಪು ಇದೇ ಬಗೆಯದು: ಎಲ್ಲಿಯೋ ಅಳೆದ ಅಂಕೆಯನ್ನು ನಮ್ಮ ಗಾಳಿಗೆ ಹೊಂದಿಸಿದೆ.

ನಮ್ಮ ಗಾಳಿಯನ್ನು ಅಳೆಯುವವರು ನಮ್ಮಲ್ಲಿಯೇ ಇದ್ದಾರೆಂಬುದು ಸಂತೋಷದ ಸಂಗತಿ. ಇದೇ ಪುಣೆಯ ಪಾಷಾಣದಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2015ರ ಚಳಿಗಾಲದಿಂದ ದಿಲ್ಲಿಯ ವಿಮಾನ ನಿಲ್ದಾಣದಲ್ಲಿ ಮಂಜು ಹೇಗೆ ಹುಟ್ಟುತ್ತದೆ, ಹೇಗೆ ಕರಗುತ್ತದೆ ಎಂಬುದನ್ನು ಅಭ್ಯಸಿಸುತ್ತ ಬಂದಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ವಿಮಾನದಾರಿಯ ಬದಿಯಲ್ಲಿ ನಿಂತು ಗೋಚರತೆ ಅಳೆಯುವ 'ದೃಷ್ಟಿ' ಎಂಬ ಉಪಕರಣವನ್ನು ರೂಪಿಸಿ, ಅದು ನಮ್ಮ ವಿಮಾನ ನಿಲ್ದಾಣಗಳಲ್ಲಿ ಬಳಕೆಗೆ ಬಂದಿದೆ. ಅದರ ತತ್ತ್ವವೂ ಇದೇ: ಒಂದು ತುದಿಯಿಂದ ಬೆಳಕು ಹೊರಡುತ್ತದೆ, ಇನ್ನೊಂದು ತುದಿಯಲ್ಲಿ ಎಷ್ಟು ಉಳಿದಿದೆಯೆಂದು ನೋಡುತ್ತಾರೆ. ನಮಗೆ ನಷ್ಟವಾದದ್ದು ಅವರಿಗೆ ಅಳತೆ. ಬೆಳಕಿನ ಸಂಪರ್ಕ ಸ್ಥಾಪಿಸುವ ಮೊದಲು ಆ ಸ್ಥಳದ ಗೋಚರತೆಯ ಒಂದೆರಡು ವರ್ಷಗಳ ದಾಖಲೆಯನ್ನು ನೋಡಿದರೆ ಅರ್ಧ ತೊಂದರೆ ಕಾಗದದ ಮೇಲೆಯೇ ಕಾಣುತ್ತದೆ.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯನ್ನೂ ಇಲ್ಲಿ ನೆನೆಯಬೇಕು. 2021ರಲ್ಲಿ ಅಲ್ಲಿಯ ವಿಜ್ಞಾನಿಗಳು 50 ಮೀಟರ್ ಅಂತರದ ಎರಡು ಕಟ್ಟಡಗಳ ನಡುವೆ, ಬೆಳಕಿನ ಒಂದೊಂದೇ ಕಣದ ಮೂಲಕ ಗುಪ್ತ ಸಂಕೇತ ಕಳುಹಿಸುವುದನ್ನು ತೋರಿಸಿದರು. ಅದೇ ವರ್ಷ ಅಹಮದಾಬಾದಿನಲ್ಲಿ ಇಸ್ರೋ ವಿಜ್ಞಾನಿಗಳು 300 ಮೀಟರಿಗೆ, ಸೂರ್ಯನ ಬೆಳಕಿನ ಕಾಟ ತಪ್ಪಿಸಲು ರಾತ್ರಿಯಲ್ಲಿ, ಈ ಪ್ರಯೋಗ ಮಾಡಿದರು. 2025ರಲ್ಲಿ ದಿಲ್ಲಿಯ ಐಐಟಿ ಮತ್ತು ರಕ್ಷಣಾ ಸಂಶೋಧನಾ ಸಂಘಟನೆಯವರು ಒಂದು ಕಿಲೋಮೀಟರ್ ದಾಟಿದರು. ಈ ವಿದ್ಯೆಯಲ್ಲಿ ದೀಪವನ್ನು ದೊಡ್ಡದು ಮಾಡುವ ಮಾತೇ ಇಲ್ಲ. ಕಣ ಒಂದೇ, ಅದರ ನಕಲು ಮಾಡುವಂತೆಯೂ ಇಲ್ಲ. ಐವತ್ತು ಮೀಟರಿನಿಂದ ಒಂದು ಕಿಲೋಮೀಟರಿಗೆ ಬರಲು ನಾಲ್ಕು ವರ್ಷ ಹಿಡಿದದ್ದರಲ್ಲಿ ಗಾಳಿಯ ಪಾಲೂ ಇದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮಂಜಿನ ಹನಿ ಬಹಳ ಸಣ್ಣದು. ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸು. ಬೆಳಕಿನ ಅಲೆ ಅದಕ್ಕೆ ಸಿಕ್ಕಿ ಚೆದರುತ್ತದೆ. ರೇಡಿಯೋ ಅಲೆ ಅಂಥ ಹನಿಯನ್ನು ಲೆಕ್ಕಿಸುವುದಿಲ್ಲ. ಜಗದೀಶಚಂದ್ರ ಬೋಸರು 1890ರ ದಶಕದಲ್ಲಿ ಕಲ್ಕತ್ತೆಯಲ್ಲಿ ಪ್ರಯೋಗಿಸಿದ ಮಿಲಿಮೀಟರ್ ಅಲೆಗಳು ಇಂದು ಬಳಕೆಯಲ್ಲಿವೆ. ಅವು ಮಂಜನ್ನು ಸುಲಭವಾಗಿ ದಾಟುತ್ತವೆ, ಆದರೆ ತಮ್ಮಷ್ಟೇ ಗಾತ್ರದ ಮಳೆಹನಿಗೆ ಸಿಕ್ಕಿ ಸೋಲುತ್ತವೆ. ಇನ್ನೂ ಉದ್ದವಾದ, ಐದಾರು ಸೆಂಟಿಮೀಟರಿನ ಅಲೆಗಳಿಗೆ ನಮ್ಮ ಒಂದು ಕಿಲೋಮೀಟರಿನಲ್ಲಿ ಮಂಜೂ ಮಳೆಯೂ ತಡೆಯಲ್ಲ, ಆದರೆ ಅವು ಹೊರುವ ಭಾರ ಕಡಿಮೆ. ಪ್ರತಿ ನೂರು ಗಂಟೆಯಲ್ಲಿ ಒಂದು ಗಂಟೆ ಕೆಡುವ ಎರಡು ದಾರಿಗಳಿವೆ ಎನ್ನೋಣ. ಅವು ಕೆಡುವ ಕಾರಣಗಳು ಬೇರೆಬೇರೆಯಾಗಿದ್ದರೆ, ಎರಡೂ ಒಟ್ಟಿಗೆ ಕೆಡುವುದು ಹತ್ತು ಸಾವಿರ ಗಂಟೆಗಳಲ್ಲಿ ಒಂದು. ಅಂದರೆ ವರ್ಷಕ್ಕೆ ಒಂದು ಗಂಟೆಗಿಂತ ಕಡಿಮೆ. ಎರಡು ಸಾಧಾರಣ ದಾರಿಗಳು ಸೇರಿ ಒಂದು ಉತ್ತಮ ದಾರಿಯನ್ನು ಮೀರಿಸುತ್ತವೆ. ಆದರೆ ಅವುಗಳ ಶತ್ರು ಒಂದೇ ಆಗಿದ್ದರೆ ಎರಡಲ್ಲ, ಹತ್ತು ದಾರಿಗಳಿದ್ದರೂ ಪ್ರಯೋಜನವಿಲ್ಲ.

ಈ ಕೊನೆಯ ವಾಕ್ಯವನ್ನು ನಾನು ಎರಡನೆಯ ಪೆಟ್ಟು ತಿಂದು ಕಲಿತೆ. 2018ರಲ್ಲಿ ನಮ್ಮ ತಾರಸಿಗೆ ಸಣ್ಣದೊಂದು ರೇಡಿಯೋ ಸಂಪರ್ಕ ಬಂದಿತು. ನನ್ನ ಹಳೆಯ ಟಿಪ್ಪಣಿಯ ಕೆಳಗೇ ಅದನ್ನು ತಿದ್ದುವ ಹೊಸ ಟಿಪ್ಪಣಿ ಬರೆದೆ. ಬೆರಳಚ್ಚಿನ ಪ್ರಮಾಣಕ್ಕೆ ಬೇಕಾದ ಮಾಹಿತಿ ಅತ್ಯಲ್ಪ. ನಿಧಾನದ ದಾರಿ ಅದಕ್ಕೆ ಧಾರಾಳವಾಗಿ ಸಾಕು. ಆ ನವೆಂಬರಿನಲ್ಲಿ ಮಂಜು ಬಂದಾಗ ಬೆಳಕು ಹೋದದ್ದು ಸಾಲಿನಲ್ಲಿದ್ದವರಿಗೆ ಗೊತ್ತಾಗಲೇ ಇಲ್ಲ.

ಅನಂತರ 2019ರ ಸೆಪ್ಟೆಂಬರ್ 25ರ ರಾತ್ರಿ ಬಂದಿತು. ಇಲ್ಲಿರುವ ಯಾರೂ ಅದನ್ನು ಮರೆತಿರಲಾರಿರಿ. ಕಾತ್ರಜ್ ಕಡೆಯಿಂದ ಹರಿದು ಬರುವ ಅಂಬಿಲ್ ಓಢಾ ಉಕ್ಕಿ, ಸಹಕಾರನಗರ, ಅರಣ್ಯೇಶ್ವರದ ಮನೆಗಳಿಗೆ ನುಗ್ಗಿತು. ಪುಣೆ ನಗರ ಮತ್ತು ಸುತ್ತಮುತ್ತ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಗಂಟೆಗೆ 100 ಮಿಲಿಮೀಟರಿನಂಥ ಮಳೆಯಲ್ಲಿ ಒಂದು ಕಿಲೋಮೀಟರ್ ಸಾಗಿದ ಬೆಳಕು ನೂರನೆಯ ಒಂದು ಪಾಲಿಗಿಂತ ಕಡಿಮೆಯಾಗುತ್ತದೆ. ಅಂದು ಮಳೆಯ ಜೋರಿನಲ್ಲಿ ನಮ್ಮ ಬೆಳಕು ಮುಕ್ಕಾಲು ಗಂಟೆ ಮಂಕಾಯಿತು. ರೇಡಿಯೋ ಸಂಪರ್ಕ ಅದರ ಜಾಗದಲ್ಲಿ ನಿಂತಿತು. ಮಳೆ ತಗ್ಗಿದಾಗ ಬೆಳಕು ಮರಳಿತು. ನಾನು ಮನೆಯಿಂದ ಇದನ್ನು ನೋಡುತ್ತ ಸಮಾಧಾನಪಟ್ಟೆ. ನಡುರಾತ್ರಿ ಕಳೆದ ಮೇಲೆ ಎರಡೂ ಒಟ್ಟಿಗೆ ಸತ್ತವು. ವಿದ್ಯುತ್ತು ಹೋಗಿ ಗಂಟೆಗಳಾಗಿದ್ದವು. ಎರಡು ದಾರಿಗಳಿಗೂ ನಾವು ಕೊಟ್ಟಿದ್ದ ಬ್ಯಾಟರಿ ಒಂದೇ. ಮರುದಿನ, ಮನೆಯಲ್ಲಿದ್ದದ್ದನ್ನೆಲ್ಲ ಕಳೆದುಕೊಂಡು, ಕಾಗದಪತ್ರಗಳು ನೆನೆದುಹೋಗಿ ಬಂದ ಜನರೆದುರು ನಮ್ಮ ಕಚೇರಿ ಮಧ್ಯಾಹ್ನದವರೆಗೆ ಮೂಕವಾಗಿತ್ತು. ಗಾಳಿಯ ಶತ್ರುಗಳನ್ನೆಲ್ಲ ಎಣಿಸಿದ್ದ ನಾನು ಬ್ಯಾಟರಿಯನ್ನು ಎಣಿಸಿರಲಿಲ್ಲ. ಈಗ ರೇಡಿಯೋ ಸಂಪರ್ಕಕ್ಕೆ ಬೇರೆಯೇ ಬ್ಯಾಟರಿ, ಒಂದು ಸಣ್ಣ ಸೌರಫಲಕ ಇವೆ.

ಬಂಧುಗಳೇ, ತಮ್ಮಲ್ಲಿ ಬ್ಯಾಂಕಿನವರಿದ್ದೀರಿ, ಶಾಲೆ ನಡೆಸುವವರಿದ್ದೀರಿ, ವಸಾಹತುಗಳ ಪದಾಧಿಕಾರಿಗಳಿದ್ದೀರಿ. ಇಂಥ ಸಂಪರ್ಕವನ್ನು ಯಾರಾದರೂ ತಮಗೆ ಮಾರಲು ಬಂದಾಗ ಬೇಡವೆನ್ನಬೇಡಿ. ರಸ್ತೆ ಅಗೆಯಲಾಗದ ಕಡೆ, ನದಿ ದಾಟಬೇಕಾದ ಕಡೆ, ಕೇಬಲ್ ಕಡಿದಾಗ ತಾತ್ಕಾಲಿಕವಾಗಿ, ಇದು ಬಹಳ ಉಪಯುಕ್ತ. ಆದರೆ ನಾಲ್ಕು ಪ್ರಶ್ನೆಗಳನ್ನು ಕೇಳಿ. ವರ್ಷದ ಸರಾಸರಿ ಬೇಡ, ಅತ್ಯಂತ ಕೆಟ್ಟ ತಿಂಗಳಿನ ಅಂಕೆ ಎಷ್ಟು? ಆ ಅಂಕೆಯನ್ನು ಯಾವ ಊರಿನ ಗಾಳಿಯಲ್ಲಿ ಅಳೆದದ್ದು? ಬೆಳಕು ನಿಂತಾಗ ಎರಡನೆಯ ದಾರಿ ಯಾವುದು? ಆ ಎರಡು ದಾರಿಗಳಿಗೆ ಸಮಾನವಾದ ಕಂಬ, ತಂತಿ, ಬ್ಯಾಟರಿ ಯಾವುದಾದರೂ ಇದೆಯೇ? ಇವಕ್ಕೆ ಉತ್ತರಿಸಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ, ಕೇಳಲು ಸಂಕೋಚವೂ ಬೇಕಿಲ್ಲ. ನಾನು 2017ರಲ್ಲಿ ಈ ನಾಲ್ಕರಲ್ಲಿ ಒಂದನ್ನೂ ಕೇಳಿರಲಿಲ್ಲ.

ಆ ಹಿರಿಯರನ್ನು ಕುರಿತು ಕೆಲವರು ಕೇಳಬಹುದು. ಮುಂದಿನ ಎರಡು ವರ್ಷ ಅವರು ಬಂದರು. ಪ್ರತಿ ಸಲವೂ ಬೆರಳು ಒತ್ತಿದ ಮೇಲೆ ನನ್ನ ಕಡೆ ತಿರುಗಿ, "ಈ ಸಲ ಕಂಡ್ನೇನ್ರಿ?" ಎಂದು ಕೇಳುತ್ತಿದ್ದರು. 2021ರ ನವೆಂಬರಿನಲ್ಲಿ ಮುಖ ತೋರಿಸಿ ಮನೆಯಿಂದಲೇ ಪ್ರಮಾಣ ಸಲ್ಲಿಸುವ ಸೌಲಭ್ಯ ಬಂದ ಮೇಲೆ ಅವರ ಮಗಳು ಮೊಬೈಲಿನಲ್ಲಿಯೇ ಆ ಕೆಲಸ ಮುಗಿಸುತ್ತಿದ್ದಾರೆಂದು ಕೇಳಿದೆ. ಆ ಮೊಬೈಲಿನ ಹಿಂದೆಯೂ ಎಲ್ಲಿಯೋ ಒಂದು ಗೋಪುರ, ಒಂದು ಕೇಬಲ್, ಒಂದು ಬ್ಯಾಟರಿ ಇವೆ. ಅವುಗಳ ಕಡತದ ಮೇಲೆ ನನ್ನಂಥ ಒಬ್ಬನ ಸಹಿ ಇರುತ್ತದೆ.